ಪಾಠದ ಹಿಂದಿನ ಸದ್ದು

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಕಣ್ಣಿಗೆ ಕೆಲಸವಿಲ್ಲದ ಆ ಮಾಧ್ಯಮದಲ್ಲಿ ಮಳೆಯನ್ನು ಮಳೆಯ ಸದ್ದೇ ಸುರಿಸಬೇಕಿತ್ತು, ಅತಿಥಿ ಬಂದುದನ್ನು ಬಾಗಿಲ ಕಿರುಗುಟ್ಟುವಿಕೆಯೇ ಸಾರಬೇಕಿತ್ತು. ಮುಂದೆ ಕರ್ನಾಟಕದ ಶಾಲೆಗಳಿಗೆ ಬಂದ ‘ಚುಕ್ಕಿ ಚಿನ್ನ’ದಂತಹ ಬಾನುಲಿ ಪಾಠಗಳಲ್ಲಿ ಹಾಡೂ ಪಾಠದ್ದೇ ಅಂಗವಾಯಿತು.

1975–76ರ ‘ಸೈಟ್’ ಉಪಗ್ರಹ ಪ್ರಯೋಗವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಚಿತ್ರಸಹಿತ ಪಾಠವನ್ನು ತಲುಪಿಸಿತು. ಚಿತ್ರವೇ ಬಂದ ಮೇಲೆ ಸದ್ದಿನ ಹೊರೆ ಇಳಿಯಬೇಕಿತ್ತು. ಇಂದಿನ ಆನ್‌ಲೈನ್ ಪಾಠಗಳಲ್ಲೋ, ಕೊಳಲು ನಿಲ್ಲುವುದೇ ಇಲ್ಲ!

ಮೊರೆನೊ ಮತ್ತು ಮೇಯರ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಿಂಚು ಹುಟ್ಟುವ ಬಗೆಯನ್ನು ಹಿನ್ನೆಲೆ ಸಂಗೀತ ಮತ್ತು ಸದ್ದುಗಳೊಡನೆ ಕಲಿತವರು ಬರಿಯ ನಿರೂಪಣೆ ಕೇಳಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡರು.

2020ರ ಮಾರ್ಚಿನಲ್ಲಿ ಒಮಾನಿನ ಶಾಲೆಗಳು ಮುಚ್ಚಿದ ಬಳಿಕ ವಾದಿ ಅದಾಯ್‌ನ ನಮ್ಮ ಮಕ್ಕಳ ಕಲಿಕೆಯೂ ಪರದೆಗೆ ಸರಿಯಿತು. ಮನೆಯ ಹೊರಗೆ ಕನ್ನಡ ಅಪರೂಪವಾಗಿರುವ ಈ ಮಕ್ಕಳಿಗೆ ಲಕಾರ-ಳಕಾರಗಳ, ಅಲ್ಪಪ್ರಾಣ-ಮಹಾಪ್ರಾಣಗಳ ಭೇದ ಸ್ಪಷ್ಟವಾಗಿ ಕೇಳಿಸಬೇಕು. ಶಿಶುಗೀತೆಗೆ ವಾದ್ಯವಿರಲಿ, ಅಕ್ಷರ ಹೇಳಿಕೊಡುವ ದನಿಯ ಹಿಂದೆ ಮಾತ್ರ ಮೌನವಿರಲೆಂಬುದು ನಮ್ಮ ಅಭಿಮತ.