ಮಿಷನ್ ಬಂಗಲೆಯ ಒಳಮನೆ: ಕನ್ನಡ ನಾಡಿನ ಮಿಷನರಿ ಕುಟುಂಬಗಳಲ್ಲಿ ಮದುವೆ, ಮರಣ ಮತ್ತು ಮಕ್ಕಳ ಅಗಲಿಕೆ

ಕನ್ನಡದ ನಿಘಂಟು, ಪತ್ರಿಕೆ, ಮುದ್ರಣ ಹಾಗೂ ಶಾಸನಾಧ್ಯಯನದ ಚರಿತ್ರೆಯಲ್ಲಿ 19ನೆಯ ಶತಮಾನದ ಕ್ರೈಸ್ತ ಮಿಷನರಿಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆಯಾದರೂ, ಅವರನ್ನು ಕುರಿತ ಬರಹಗಳಲ್ಲಿ ಹೆಚ್ಚಾಗಿ ಮೂಡಿರುವುದು ಒಂಟಿ ಸಾಧಕರ ಚಿತ್ರ. ಓಲೆಗರಿಗಳ ನಡುವೆ ಕುಳಿತ ಆ ವಿದ್ವಾಂಸರ ಮನೆಯನ್ನು ಯಾರು ನಡೆಸಿದರು, ಅವರ ಮಕ್ಕಳು ಎಲ್ಲಿ ಬೆಳೆದರು, ಮನೆಯಲ್ಲಿ ಸಾವು ಸಂಭವಿಸಿದಾಗ ಕೆಲಸದ ಗತಿ ಏನಾಯಿತು ಎಂಬ ಪ್ರಶ್ನೆಗಳು ಜೀವನಚರಿತ್ರೆಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ವಿದ್ವತ್ತಿನ ಕೆಲಸವನ್ನು ಸಂಸಾರದಿಂದ ಬೇರ್ಪಡಿಸಿ ನೋಡುವ ಈ ರೂಢಿಯಿಂದ ಆ ಕೆಲಸದ ಕಾಲಕ್ರಮವೇ ಅರ್ಥವಾಗದೆ ಹೋಗುತ್ತದೆಂಬುದೂ, ಮಿಷನ್ ಬದುಕಿನ ಅತಿ ಭಾರವಾದ ಬೆಲೆಯನ್ನು ತೆತ್ತವರು ಅದನ್ನು ತಾವಾಗಿ ಆರಿಸಿಕೊಳ್ಳದಿದ್ದ ಮಕ್ಕಳೆಂಬುದೂ ಈ ಲೇಖನದ ವಾದ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್, 1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದ ಬಳಿಕ, 1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಅದರ ಸ್ಟೇಷನ್‌ಗಳು, ಎಂದರೆ ಬಂಗಲೆ, ಶಾಲೆ, ಪ್ರಾರ್ಥನಾಮಂದಿರಗಳು ಒಂದೇ ಆವರಣದಲ್ಲಿದ್ದ ನೆಲೆಗಳು, ಮುಂದಿನ ಏಳೆಂಟು ವರ್ಷಗಳಲ್ಲಿ ತಲೆಯೆತ್ತಿದವು. ಹೊರಡುವ ಯುವಕರು ಅವಿವಾಹಿತರಾಗಿಯೇ ಹೊರಡಬೇಕೆಂದೂ, ಕೆಲವು ವರ್ಷ ದುಡಿದು ತಮ್ಮ ಯೋಗ್ಯತೆಯನ್ನು ತೋರಿಸಿದ ಮೇಲೆ ಮಾತ್ರ ಮದುವೆಗೆ ಅನುಮತಿ ಕೇಳಬಹುದೆಂದೂ ನಿಯಮವಿತ್ತು. ಅನುಮತಿ ಕೊಡುವ ಅಧಿಕಾರ ಮಿಷನ್ನಿನ ಆಡಳಿತ ಮಂಡಳಿಯಾದ 'ಕಮಿಟಿ'ಯದು. ಎಷ್ಟೋ ಬಾರಿ ವಧುವನ್ನು ಹುಡುಕಿಕೊಡುತ್ತಿದ್ದುದೂ ಅದೇ ಮಂಡಳಿ. ಹೀಗೆ ಗೊತ್ತುಪಡಿಸಿದ ಹೆಣ್ಣನ್ನು 'ಮಿಷನ್ ವಧು' ಎಂದು ಕರೆಯುತ್ತಿದ್ದರು. ಒಮ್ಮೆಯೂ ಕಂಡಿರದ ಅಥವಾ ಅಲ್ಪ ಪರಿಚಯವಷ್ಟೇ ಇದ್ದ ಗಂಡನ್ನು ಸೇರಲು ಆಕೆ ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಬೇಕಿತ್ತು. ಹಿರಿಯರು ನಿಶ್ಚಯಿಸಿದ ಮದುವೆಗಳನ್ನು ಕಂಡು ಬೆಳೆದ ಕನ್ನಡ ಓದುಗರಿಗೆ ಈ ಪದ್ಧತಿ ಅಪರಿಚಿತವೆನಿಸಲಾರದು. ಆದರೆ ಇಲ್ಲಿ ಹಿರಿಯರ ಸ್ಥಾನದಲ್ಲಿ ಕುಳಿತಿದ್ದುದು ಒಂದು ಕಚೇರಿ ಎಂಬ ವ್ಯತ್ಯಾಸ ಸಣ್ಣದಲ್ಲ, ಏಕೆಂದರೆ ಮುಂದೆ ಮಕ್ಕಳ ವಿಷಯದಲ್ಲಿಯೂ ಕೊನೆಯ ಮಾತು ಅದೇ ಕಚೇರಿಯದಾಯಿತು.

ಬಂದ ಹೆಣ್ಣಿಗೆ ಸಂಬಳವಿಲ್ಲದ ಕೆಲಸ ಕಾದಿರುತ್ತಿತ್ತು. ಹೆಣ್ಣುಮಕ್ಕಳ ವಸತಿ ಶಾಲೆ, ಹೊಲಿಗೆ ತರಗತಿ, ರೋಗಿಗಳ ಆರೈಕೆ, ಬಂದುಹೋಗುವ ಸಹೋದ್ಯೋಗಿಗಳ ಊಟೋಪಚಾರ ಇವೆಲ್ಲ ಮಿಷನರಿಯ ಪತ್ನಿಯ ಹೊಣೆ. ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್ ಅವರನ್ನು 1838ರಲ್ಲಿ ಚಿತ್ತೂರಿನಲ್ಲಿ ವರಿಸಿದ ಫ್ರೆಂಚ್ ಭಾಷಿಕ ಸ್ವಿಸ್ ಮಹಿಳೆ ಜೂಲಿ ದ್ಯುಬ್ವಾ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಕಟ್ಟಿ ನಡೆಸಿದರು.

ಮರಣವಂತೂ ಈ ಮನೆಗಳ ನಿತ್ಯದ ಆತಂಕವಾಗಿತ್ತು. ಜ್ವರ, ಅತಿಸಾರ, ಬಾಣಂತಿ ಕಾಯಿಲೆಗಳು ವರ್ಷವರ್ಷವೂ ಬಲಿ ಪಡೆಯುತ್ತಿದ್ದ ಕಾಲದಲ್ಲಿ ವಿಧವೆ, ವಿಧುರರ ಮರುಮದುವೆಗಳು ಮಿಷನ್ ಬಳಗದೊಳಗೇ ನಡೆಯುತ್ತಿದ್ದವು. 1855ರಲ್ಲಿ ಬಾಸೆಲ್ ಮಿಷನರಿ ಗಾಟ್‌ಫ್ರೀಡ್ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಪೌಲಿನ್ ಅವರನ್ನು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮ್ಯೋಗ್ಲಿಂಗ್ ವರಿಸಿದರು. ಇದಕ್ಕಿಂತ ಹೆಚ್ಚು ಹೃದಯವಿದ್ರಾವಕವಾದುದು ಫರ್ಡಿನೆಂಡ್ ಕಿಟ್ಟೆಲ್ ಅವರ ಸಂಸಾರದ ಕಥೆ. 1853ರಲ್ಲಿ ಬಂದ ಕಿಟ್ಟೆಲ್ 1860ರಲ್ಲಿ ಪೌಲಿನ್ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪತ್ನಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಅವರ ಕೈಹಿಡಿದರು. 1877ರಲ್ಲಿ ಕುಟುಂಬದೊಡನೆ ಜರ್ಮನಿಗೆ ಮರಳಿದ ಅವರು 1883ರಲ್ಲಿ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ನಿಘಂಟಿನ ಕೆಲಸಕ್ಕಾಗಿ ಪುನಃ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ಕನ್ನಡ–ಇಂಗ್ಲಿಷ್ ನಿಘಂಟಿನ ಹಿಂದೆ ಇಂಥದೊಂದು ಸುದೀರ್ಘ ಅಗಲಿಕೆ ಇದೆ. ಕನ್ನಡಿಗರು ಕಿಟ್ಟೆಲ್ಲರಿಗೆ ಸಲ್ಲಿಸುವ ಕೃತಜ್ಞತೆಯಲ್ಲಿ ಒಂದು ಪಾಲು ಜೂಲಿ ಕಿಟ್ಟೆಲ್ ಅವರಿಗೂ ಸಲ್ಲಬೇಕಾದುದು ನ್ಯಾಯ.

ಮಕ್ಕಳ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಹವಾಮಾನ ಮಕ್ಕಳಿಗೆ ಒಗ್ಗದೆಂಬ ಭಯ, ಯುರೋಪಿನ ಶಿಕ್ಷಣ ಇಲ್ಲಿ ಸಿಗದೆಂಬ ಚಿಂತೆ, ಆಯಾಗಳ ಮಡಿಲಲ್ಲಿ ಬೆಳೆದ ಕೂಸು ಮನೆಯ ಭಾಷೆಗಿಂತ ಊರಿನ ಭಾಷೆಯನ್ನೂ ಊರಿನ ನಡೆವಳಿಕೆಯನ್ನೂ ಮೊದಲು ಕಲಿಯುತ್ತದೆಂಬ ಕಳವಳ ಇವು ಒಟ್ಟಾಗಿ, ಶಾಲೆಗೆ ಹೋಗುವ ವಯಸ್ಸಿಗೆ ಮಕ್ಕಳನ್ನು ಯುರೋಪಿಗೆ ಕಳುಹಿಸಬೇಕೆಂಬ ನೀತಿಯಾಗಿ ಗಟ್ಟಿಗೊಂಡವು. ಇನ್ಸ್ಪೆಕ್ಟರ್, ಎಂದರೆ ಮಿಷನ್ನಿನ ಮುಖ್ಯಾಧಿಕಾರಿ, ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಅವರ ಕಾಲದಲ್ಲಿ, 1850ರ ದಶಕದಲ್ಲಿ, ಇದಕ್ಕಾಗಿಯೇ ಬಾಸೆಲ್‌ನಲ್ಲಿ 'ಕಿಂಡರ್‌ಹೌಸ್', ಅಂದರೆ ಮಕ್ಕಳ ಮನೆ, ತೆರೆಯಲಾಯಿತು. ಆರೇಳು ವರ್ಷದ ಮಗು ಅಲ್ಲಿಗೆ ಹೋದ ಮೇಲೆ ತಂದೆತಾಯಿಯರನ್ನು ಮತ್ತೆ ಕಾಣುವುದು ಎಷ್ಟೋ ವರ್ಷಗಳ ಅನಂತರ. ಕೆಲವರ ಪಾಲಿಗೆ ಅದೂ ಇಲ್ಲ. ನಡುವೆ ಉಳಿದ ಕೊಂಡಿ ಪತ್ರವೊಂದೇ, ಅದೂ 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವವರೆಗೆ ಬಹು ನಿಧಾನದ ಕೊಂಡಿ.

ಹರ್ಮನ್ ಮತ್ತು ಜೂಲಿ ಗುಂಡರ್ಟ್ ದಂಪತಿಗಳ ಮಗಳಾಗಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮರೀ ಗುಂಡರ್ಟ್ ಅವರ ಬಾಳಿನಲ್ಲಿ ಈ ನೀತಿಯ ಫಲವನ್ನು ಹತ್ತಿರದಿಂದ ನೋಡಬಹುದು. ಇನ್ನೂ ಎಳೆಯ ವಯಸ್ಸಿನಲ್ಲಿ, ಕಿಂಡರ್‌ಹೌಸ್ ತೆರೆಯುವುದಕ್ಕಿಂತ ಮುಂಚೆಯೇ, ಯುರೋಪಿನಲ್ಲಿ ಬಿಟ್ಟುಬಂದ ಮಗಳು ಹದಿನೈದರ ಹುಡುಗಿಯಾಗಿ 1857ರಲ್ಲಿ ಭಾರತಕ್ಕೆ ಮರಳಿದಾಗ, ತಂದೆ ಮಲಬಾರ್ ಹಾಗೂ ಕೆನರಾ ಜಿಲ್ಲೆಗಳ ಶಾಲೆಗಳ ಇನ್ಸ್ಪೆಕ್ಟರ್ ಹುದ್ದೆಗೆ ಬಂದಿದ್ದರು. ಹೆತ್ತವರೊಡನೆ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಗಿದ್ದ ಆಕೆ ಹಡಗಿನಲ್ಲಿ ಮನಸೋತಿದ್ದ ತರುಣನನ್ನು ಮದುವೆಯಾಗಲು ತಂದೆ ಒಪ್ಪಲಿಲ್ಲ. ಮುಂದೆ 1865ರಲ್ಲಿ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಮಿಷನರಿಯನ್ನು ಮದುವೆಯಾಗಿ, 1870ರಲ್ಲಿ ಅವರನ್ನು ಕಳೆದುಕೊಂಡು, ಇಬ್ಬರು ಗಂಡುಮಕ್ಕಳ ತಾಯಿಯಾಗಿ ಉಳಿದರು. 1874ರಲ್ಲಿ ಅವರು ಮರುಮದುವೆಯಾದ ಯೋಹಾನೆಸ್ ಹೆಸ್ಸೆ, 1869ರಲ್ಲಿ ಭಾರತಕ್ಕೆ ಬಂದು ಆರೋಗ್ಯ ಕೆಟ್ಟು 1873ರಲ್ಲಿ ಹಿಂತಿರುಗಿದ್ದ ಬಾಸೆಲ್ ಮಿಷನರಿ. ಈ ದಂಪತಿಗಳ ಮಗನೇ 1877ರಲ್ಲಿ ಕಾಲ್ವ್‌ನಲ್ಲಿ ಜನಿಸಿದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಭಾರತವನ್ನು ಕುರಿತ ಅವರ ಒಲವಿನ ಬೇರನ್ನು ತತ್ವಗ್ರಂಥಗಳಲ್ಲಿ ಮಾತ್ರ ಹುಡುಕುವ ವಿಮರ್ಶಕರು ಈ ತಾಯಿಯ ಬಾಲ್ಯವನ್ನೂ ಗಮನಿಸುವುದು ಒಳಿತು.

ಅಗಲಿಕೆ ಎಲ್ಲ ಸಂದರ್ಭದಲ್ಲಿಯೂ ಒಂದೇ ಬಗೆಯ ಫಲ ಕೊಡಲಿಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಓದಿಗೆಂದು ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಅಧ್ಯಾಪಕರಾಗಿ ಮರಳಿ ಬಂದು, ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದರು. ಇನ್ನೊಬ್ಬ ಮಗ ಇ. ಪಿ. ರೈಸ್ ಮಿಷನರಿಯೂ ಆಗಿ ಕನ್ನಡ ಸಾಹಿತ್ಯ ಚರಿತ್ರೆಯನ್ನೂ ಬರೆದರು. ಹುಟ್ಟಿದ ಊರನ್ನು ಬಾಲ್ಯದಲ್ಲೇ ಕಳೆದುಕೊಂಡವರು ಅದನ್ನು ವಿದ್ವತ್ತಿನ ದಾರಿಯಿಂದ ಮರಳಿ ಪಡೆದರೆಂದು ಊಹಿಸಲು ಇಲ್ಲಿ ಅವಕಾಶವಿದೆ.

ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯರ ಸಂಸಾರ ಇದೇ ಚಿತ್ರದ ಇನ್ನೊಂದು ಮುಖ. 1844ರಲ್ಲಿ ಕ್ರೈಸ್ತರಾದ ಈ ಬ್ರಾಹ್ಮಣ ತರುಣ ಬಾಸೆಲ್‌ನಲ್ಲಿ ಓದಿ ಮಿಷನರಿಯಾಗಿ ಮರಳಿದರು. ಮೊದಲ ಪತ್ನಿಯೊಡನೆ ಸಂಸಾರ ಮುಂದುವರಿಯಲಿಲ್ಲ. ಅನಂತರ ಅವರು ಜರ್ಮನ್ ಯುವತಿ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಇಲ್ಲಿ ಗಂಡನ ತವರೇ ಹೆಂಡತಿಗೆ ಪರದೇಶ.

ನಿಜಾಮರ ಸಂಸ್ಥಾನದ ಕನ್ನಡ ಭಾಗದಲ್ಲಿ, ಬೀದರ್ ಕಲಬುರಗಿಗಳಲ್ಲಿ, ಅಮೆರಿಕದ ಮೆಥೊಡಿಸ್ಟರು ನೆಲೆಸಿದರು. ರಾಜಧಾನಿ ಹೈದರಾಬಾದಿನಲ್ಲಿ, ಸಿಕಂದರಾಬಾದಿನ ದಂಡುಪ್ರದೇಶದಲ್ಲಿದ್ದ ಬ್ರಿಟಿಷ್ ದಂಡಿನ ಆಸರೆ ಮಿಷನರಿ ಮನೆಗಳಿಗೆ ಒಂದು ಭದ್ರತೆ ಒದಗಿಸಿತ್ತು. ಈ ಆಸರೆಯಿಂದ ದೂರ, ಅದೇ ಸಂಸ್ಥಾನದ ದೋರ್ನಕಲ್‌ನಲ್ಲಿ, 1909ರಲ್ಲಿ ನೆಲೆಸಿದವರು ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಯ್ಯ ಮತ್ತು ಅವರ ಪತ್ನಿ ಅನ್ಬು. 1912ರಲ್ಲಿ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ ಆದ ಅಜರಯ್ಯನವರ ಮನೆಯಾಕೆಗೆ ತೆಲುಗು ಸೀಮೆ ಪರದೇಶವೇ ಆಗಿತ್ತು. ಇಂದು ಹೊರದೇಶಕ್ಕೆ ಹೋಗುವ ತರುಣರು ಮಕ್ಕಳನ್ನು ಅಜ್ಜಅಜ್ಜಿಯರ ಬಳಿ ಬಿಟ್ಟರೂ ದಿನವೂ ಮುಖ ನೋಡಿ ಮಾತಾಡಬಲ್ಲರು. ಮಿಷನರಿ ತಾಯಂದಿರ ಪಾಲಿಗೆ ಆ ಸೌಲಭ್ಯ ಇರಲಿಲ್ಲ.

ಮೊದಲ ಮಹಾಯುದ್ಧ ಈ ಮನೆಗಳನ್ನು ಏಕಾಏಕಿ ಬರಿದು ಮಾಡಿತು. ಜರ್ಮನ್ ಪುರುಷರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಸಾಗಿಸಲಾಯಿತು. 1915 ಮತ್ತು 1916ರಲ್ಲಿ 'ಗೋಲ್ಕೊಂಡ' ಎಂಬ ಹಡಗು ಮಿಷನರಿ ಕುಟುಂಬಗಳನ್ನೂ ಒಳಗೊಂಡಂತೆ ಜರ್ಮನರನ್ನು ಯುರೋಪಿಗೆ ಒಯ್ದಿತು. ಮಕ್ಕಳನ್ನು ತಾವೇ ಕಳುಹಿಸುತ್ತಿದ್ದ ತಂದೆತಾಯಿಯರು ಈ ಬಾರಿ ಅವರೊಡನೆ ತಾವೂ ಹೊರಡಬೇಕಾಯಿತು.

ಬಾಸೆಲ್‌ನ ಮಿಷನ್ ಸಂಗ್ರಹಾಲಯದಲ್ಲಿರುವ ಪತ್ರಗಳು, ವರದಿಗಳು ಮತ್ತು ಛಾಯಾಚಿತ್ರಗಳು ಯುರೋಪಿಯನ್ ವಿದ್ವಾಂಸರಿಗೆ ಸಾಕಷ್ಟು ಸಾಮಗ್ರಿ ಒದಗಿಸಿವೆ. ಕನ್ನಡದ ಸಂಶೋಧಕರು ಮಾಡಬೇಕಾದ ಕೆಲಸ ಬೇರೆಯದು. ಆ ಕೂಸುಗಳನ್ನು ಎತ್ತಿ ಆಡಿಸಿದ, ಅವುಗಳಿಗೆ ಮೊದಲ ಕನ್ನಡ ಮತ್ತು ತುಳು ಮಾತುಗಳನ್ನು ಕಲಿಸಿದ ಆಯಾಗಳ, ಅಡುಗೆಯವರ, ಸ್ಥಳೀಯ ಕ್ರೈಸ್ತ ಕುಟುಂಬಗಳ ನೆನಪುಗಳನ್ನು ಮಂಗಳೂರು, ಮಡಿಕೇರಿ, ಬೆಟಗೇರಿಗಳ ಚರ್ಚುಗಳ ದಾಖಲೆ ಪುಸ್ತಕಗಳಿಂದಲೂ ಮನೆತನಗಳ ಮಾತಿನ ಪರಂಪರೆಯಿಂದಲೂ ಕಲೆಹಾಕುವ ಕೆಲಸವನ್ನು, ಆ ಹಳೆಯ ಪುಸ್ತಕಗಳು ಇನ್ನೂ ಓದಲು ಬರುತ್ತಿರುವಾಗಲೇ ಕೈಗೆತ್ತಿಕೊಳ್ಳಬೇಕಾಗಿದೆ.