ಅಗಳಿಯಿಂದ ಪಡಸಾಲೆಗೆ



ನಾರಾಯಣಗೂಡ ಎಂದೊಡನೆ ಹೈದರಾಬಾದಿನ ಹಳಬರಿಗೆ ನೆನಪಾಗುವುದು ಶಾಲೆಗಳು. ಮಾಡಪಾಟಿ ಹನುಮಂತರಾಯರು 1928ರಲ್ಲಿ ಹೆಣ್ಣುಮಕ್ಕಳಿಗಾಗಿ ಆರಂಭಿಸಿದ ತೆಲುಗು ಶಾಲೆ ಇಲ್ಲಿದೆ. 1940ರಲ್ಲಿ ಹುಟ್ಟಿದ ಕೇಶವ ಮೆಮೋರಿಯಲ್ ಇಲ್ಲಿದೆ. ಪಕ್ಕದ ಕಾಚಿಗೂಡದಲ್ಲಿ ನಮ್ಮ ಕನ್ನಡಿಗರ ನೃಪತುಂಗ ಶಾಲೆಯಿದೆ. ನಿಜಾಮರ ಕಾಲದಲ್ಲಿ ಆಡಳಿತ ಉರ್ದುವಿನಲ್ಲಿತ್ತು. ತಾಯ್ನುಡಿಯಲ್ಲಿ ಕಲಿಯಲು ಒಂದು ಕೋಣೆ ಸಿಗುವುದೇ ದೊಡ್ಡ ಮಾತಾಗಿತ್ತು. ಹೆಣ್ಣುಮಕ್ಕಳಿಗೆ, ತೆಲುಗರಿಗೆ, ಕನ್ನಡಿಗರಿಗೆ ಆ ಕೋಣೆ ಸಿಕ್ಕ ಕಥೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಆದರೆ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಎಲ್ಲಿ ಜಾಗವಿತ್ತು? ಈ ಬಾರಿ ಆ ಕಥೆ.

ಮೊದಲಿದ್ದದ್ದು ಎರಡೇ ಜಾಗ. ಒಂದು ಮನೆಯ ಹಿಂದಿನ ಕೋಣೆ. ನೆಂಟರು ಬಂದರೆ ಹೊರಗಿನಿಂದ ಅಗಳಿ ಬೀಳುವ ಕೋಣೆ. ಇನ್ನೊಂದು ಹುಚ್ಚಾಸ್ಪತ್ರೆ. ಬ್ರಿಟಿಷರ 1912ರ ಇಂಡಿಯನ್ ಲ್ಯೂನಸಿ ಆಕ್ಟ್, ಮನೋರೋಗಿಯನ್ನೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನೂ ಒಂದೇ ಪದದಲ್ಲಿ ಸೇರಿಸಿಬಿಟ್ಟಿತ್ತು. ಒಬ್ಬರಿಗೆ ಬೇಕಾದದ್ದು ಔಷಧಿ, ಇನ್ನೊಬ್ಬರಿಗೆ ಬೇಕಾದದ್ದು ಕಲಿಕೆ. ಕಾನೂನಿಗೆ ಆ ವ್ಯತ್ಯಾಸ ಕಾಣಲಿಲ್ಲ. ಹೈದರಾಬಾದ್ ಸಂಸ್ಥಾನದ ಆಸ್ಪತ್ರೆ ಮೊದಲು ಇದ್ದದ್ದು ಮರಾಠವಾಡದ ಜಾಲ್ನಾದಲ್ಲಿ. 1953ರಲ್ಲಿ ಅದು ಈ ನಗರದ ಎರ್ರಗಡ್ಡಕ್ಕೆ ಬಂತು. ಬೀದರ್, ಕಲಬುರಗಿ, ರಾಯಚೂರು ಆಗ ಇದೇ ರಾಜ್ಯದಲ್ಲಿದ್ದವು. ಆ ಕಾಲದ ಇಂಥ ಕಟ್ಟಡಗಳಲ್ಲೆಲ್ಲ ಎತ್ತರದ ಗೋಡೆ, ಉದ್ದನೆಯ ವಾರ್ಡು, ಒಂದೇ ಬಾಗಿಲು ಸಾಮಾನ್ಯ. ಅವನ್ನು ಕಟ್ಟಿದ್ದು ಕಾಯುವವನ ಅನುಕೂಲಕ್ಕೆ, ಒಳಗಿರುವವನ ಅನುಕೂಲಕ್ಕಲ್ಲ.

ಇಷ್ಟರಲ್ಲಿ ದೂರದ ರೋಮ್ ನಗರದಲ್ಲಿ ಬೇರೆಯೇ ಒಂದು ಪಾಠ ನಡೆದಿತ್ತು. ಮರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆ ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳ ಜೊತೆ ಕೆಲಸ ಮಾಡುತ್ತ, ಫ್ರಾನ್ಸಿನ ಸೆಗ್ಯಾನ್ ಎಂಬಾತನ ಹಳೆಯ ವಿಧಾನಗಳಿಂದ ಕಲಿತು, ಕೈಯಿಂದ ಮುಟ್ಟಿ ಕಲಿಯುವ ಮರದ ಸಾಮಾನುಗಳನ್ನು ಬಳಸಿದಳು. 1907ರಲ್ಲಿ ಅದೇ ಅನುಭವವನ್ನು ಸಾಮಾನ್ಯ ಮಕ್ಕಳ ಮನೆಗೆ ತಂದಳು. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರ್‌ಗೆ ಬಂದ ಮೇಲೆ ನಮ್ಮ ದೇಶದಲ್ಲೂ ಆ ಪದ್ಧತಿ ಹಬ್ಬಿತು. ಇಂದು ಗಲ್ಲಿಗೊಂದು ಮಾಂಟೆಸ್ಸೊರಿ ಶಾಲೆ ಇದೆ. ನಮ್ಮ ಮಕ್ಕಳು ಅಲ್ಲಿ ಬೆರಳಾಡಿಸಿ ಕಲಿಯುವ ಅಕ್ಷರಗಳ ಮೂಲ, ಶಾಲೆಗೆ ಬೇಡವೆನಿಸಿಕೊಂಡಿದ್ದ ಆ ಮಕ್ಕಳಲ್ಲಿದೆ. ಈ ಋಣ ನಮಗೆ ನೆನಪಿರುವುದಿಲ್ಲ, ಅಷ್ಟೇ.

ನಮ್ಮ ಊರಿಗೆ ಬರೋಣ. 1968ರಲ್ಲಿ ಠಾಕೂರ್ ಹರಿಪ್ರಸಾದ್ ಸಂಸ್ಥೆ ಇಲ್ಲಿ ಕೆಲಸ ಆರಂಭಿಸಿತು. 1984ರಲ್ಲಿ ಕೇಂದ್ರ ಸರ್ಕಾರ ಸಿಕಂದರಾಬಾದಿನ ಬೋಯಿನಪಲ್ಲಿಯಲ್ಲಿ, ಮನೋವಿಕಾಸ್ ನಗರದಲ್ಲಿ, ಬುದ್ಧಿಮಾಂದ್ಯರಿಗಾಗಿ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಇಡೀ ದೇಶಕ್ಕೆ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆ ನಮ್ಮ ಊರಿನದು. ಅಲ್ಲಿ ರೂಪುಗೊಂಡ ಪಟ್ಟಿಯೊಂದು ಮಗುವಿನ ಕಲಿಕೆಯನ್ನು ಐದು ಭಾಗ ಮಾಡುತ್ತದೆ: ಸ್ವಂತ ಕೆಲಸ, ಜನರೊಡನೆ ಬೆರೆಯುವುದು, ಓದು ಬರಹ, ಕಸುಬು, ಮನರಂಜನೆ. ಅಕ್ಷರ ಐದರಲ್ಲಿ ಒಂದು ಮಾತ್ರ! ಹಾಗಾದರೆ ಹಲ್ಲುಜ್ಜುವ ಸಿಂಕ್, ಬಟ್ಟೆ ಮಡಚುವ ಮೇಜು, ಅಡುಗೆ ಕಟ್ಟೆ, ಇವೂ ತರಗತಿಯೇ ತಾನೇ? ಶಾಲೆ ಮನೆಯಂತಿರಬೇಕು, ಮನೆ ಶಾಲೆಯಂತಿರಬೇಕು ಎಂಬ ಮಾತಿಗೆ ಇಲ್ಲಿ ನಿಜವಾದ ಅರ್ಥ ಬರುತ್ತದೆ.

ಕಾನೂನೂ ನಿಧಾನವಾಗಿ ಕಣ್ಣು ತೆರೆಯಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ, ಬುದ್ಧಿಮಾಂದ್ಯ ಮನೋರೋಗವಲ್ಲ ಎಂದು ಬೇರ್ಪಡಿಸಿತು. ಈ ಒಂದು ಮಾತಿಗೆ 75 ವರ್ಷ ಹಿಡಿಯಿತು. 1995ರಲ್ಲಿ ಅಂಗವಿಕಲರ ಕಾಯ್ದೆ, 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ, 2016ರಲ್ಲಿ ಹೊಸ ಹಕ್ಕುಗಳ ಕಾಯ್ದೆ ಬಂದವು. ಬೋಯಿನಪಲ್ಲಿಯ ಸಂಸ್ಥೆಯ ಹೆಸರಿನಲ್ಲಿದ್ದ ಹಳೆಯ ಪದವೂ ಹೋಯಿತು. ಈಗ ಅದು ಎನ್‌ಐಇಪಿಐಡಿ.

ಕೋಣೆ ಹೇಗಿರಬೇಕು ಎಂಬುದಕ್ಕೆ ವಾಸ್ತುಶಿಲ್ಪಿಗಳು ಉತ್ತರ ಹುಡುಕಿದ್ದು ತೀರ ಇತ್ತೀಚೆಗೆ. ಈಜಿಪ್ಟಿನ ಮಗ್ದಾ ಮೊಸ್ತಫಾ ಅವರು ಆಟಿಸಂ ಇರುವವರಿಗಾಗಿ ಏಳು ಸೂತ್ರಗಳನ್ನು ಹೇಳಿದ್ದಾರೆ. ಸದ್ದು ಮಾರ್ದನಿಸದಿರಲಿ. ಕೆಲಸಗಳ ಕ್ರಮದಂತೆ ಜಾಗಗಳ ಕ್ರಮವಿರಲಿ. ಗಾಬರಿಯಾದಾಗ ಕೂರಲು ಒಂದು ಶಾಂತ ಮೂಲೆಯಿರಲಿ. ಒಂದೊಂದು ಕೆಲಸಕ್ಕೆ ಒಂದೊಂದು ಜಾಗವಿರಲಿ. ಗಲಾಟೆಯ ಜಾಗ ಬೇರೆ, ಶಾಂತ ಜಾಗ ಬೇರೆ ಇರಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ತಂಗುವ ಸ್ಥಳವಿರಲಿ. ಇವೆಲ್ಲದರ ಜೊತೆ ಸುರಕ್ಷತೆ ಇರಲಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹಳೆಯ ಮನೆ. ಬೀದಿಯಿಂದ ಕಟ್ಟೆ, ಕಟ್ಟೆಯಿಂದ ಪಡಸಾಲೆ, ಅಲ್ಲಿಂದ ನಡುಮನೆ, ಕೊನೆಗೆ ಅಡುಗೆಮನೆ, ದೇವರಕೋಣೆ. ಬೀದಿಯ ಗದ್ದಲ ಹೆಜ್ಜೆ ಹೆಜ್ಜೆಗೂ ಇಳಿಯುತ್ತಿತ್ತು. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನಿಂದ ಹೊರಬಂದರೆ ಹಾಲ್. ಹಾಲ್‌ನಲ್ಲೇ ಟಿವಿ, ಪಕ್ಕದಲ್ಲೇ ಕುಕ್ಕರ್ ಸೀಟಿ. ಸದ್ದು ತಡೆಯಲಾರದ ಮಗು ಕಿವಿ ಮುಚ್ಚಿಕೊಂಡರೆ ನಾವು ಹಟ ಎನ್ನುತ್ತೇವೆ.

ಇನ್ನು ಬಾಳುವ ಮನೆಯ ವಿಚಾರ. ಇಂಥ ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ‘ನಮ್ಮ ನಂತರ ಇವನಿಗೆ ಯಾರು?’ ಯಾರು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ಆಶಾ ನಿಕೇತನದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರು ಮತ್ತು ಇಲ್ಲದವರು ಒಂದೇ ಸೂರಿನಡಿ ಬಾಳುವ ಪ್ರಯತ್ನ ನಡೆಯಿತು. ನ್ಯಾಷನಲ್ ಟ್ರಸ್ಟ್‌ನ ಘರೌಂದಾ ಯೋಜನೆ ವಯಸ್ಕರ ಗುಂಪು ಮನೆಗಳಿಗೆಂದೇ ಬಂದದ್ದು. ಸಮುದಾಯದ ನಡುವೆಯೇ ಬದುಕುವುದು ಹಕ್ಕು ಎಂದು 2016ರ ಕಾಯ್ದೆ ಹೇಳುತ್ತದೆ. ಊರಾಚೆಯ ಗೋಡೆಗೆ ಇದು ಕಾನೂನಿನ ಉತ್ತರ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಎಲ್ಲರೂ ಬಳಸಬಲ್ಲ ಕಟ್ಟಡಗಳ ನಿಯಮ ಬರಿಯ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ಆ ತೀರ್ಪಿಗೆ ಆಧಾರವಾದ ವರದಿಯನ್ನು ಸಿದ್ಧಪಡಿಸಿದ್ದು ನಮ್ಮ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರ. ಎಲ್ಲರೂ ಬಳಸಬಲ್ಲ ಕಟ್ಟಡ ಎಂದರೆ ಇಳಿಜಾರು ಮತ್ತು ಲಿಫ್ಟ್ ಎಂದಷ್ಟೇ ನಾವು ತಿಳಿದಿದ್ದೇವೆ. ಚಿತ್ರದ ಫಲಕ, ಕಣ್ಣು ಕುಕ್ಕದ ಬೆಳಕು, ಶಾಂತ ಮೂಲೆ, ಇವೂ ಕೆಲವರ ಪಾಲಿಗೆ ಇಳಿಜಾರೇ.

ನಾರಾಯಣಗೂಡಕ್ಕೆ 2020ರಲ್ಲಿ ಮೆಟ್ರೋ ಬಂತು. ಹತ್ತಿ ಜೆಬಿಎಸ್‌ನಲ್ಲಿ ಇಳಿದರೆ ಬೋಯಿನಪಲ್ಲಿ ದೂರವೇನಿಲ್ಲ. ದೇಶಕ್ಕೆ ದಾರಿ ತೋರಿದ ಸಂಸ್ಥೆ ಅಷ್ಟು ಹತ್ತಿರದಲ್ಲಿದೆ. ಆದರೂ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ಮೂರನೇ ಮಹಡಿಯ ಆ ಹುಡುಗನಿಗೆ ನೆಲಮಹಡಿಯಲ್ಲೊಂದು ಶಾಂತ ಕೋಣೆ ಬಿಟ್ಟುಕೊಡೋಣವೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಒಂದು ಕಾಲದಲ್ಲಿ ಕನ್ನಡದ ಮಕ್ಕಳಿಗೆ ಈ ಊರಿನಲ್ಲಿ ಕೋಣೆ ಹುಡುಕಿಕೊಟ್ಟವರು ನಮ್ಮ ಹಿರಿಯರು. ಈಗ ಹುಡುಕುವ ಸರದಿ ನಮ್ಮದು. ಮತ್ತೆ ಭೇಟಿಯಾಗೋಣ.