ಸೋರೆಕಾಯಿಯ ಪಾಠ

ವೈದ್ಯಶಿಷ್ಯನನ್ನು ತಿದ್ದುವ ಬಗೆಯನ್ನು ಕುರಿತು ನಾನು ಓದಿದವುಗಳಲ್ಲಿ ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ಮಿಗಿಲಾದುದು ಕಡಿಮೆ. ಶಾಸ್ತ್ರವೆಲ್ಲವನ್ನೂ ಓದಿದವನೂ ಕೈ ಪಳಗದಿದ್ದರೆ ಚಿಕಿತ್ಸೆಗೆ ಅಯೋಗ್ಯನೆನ್ನುತ್ತಾನೆ ಗ್ರಂಥಕಾರ. ಆದ್ದರಿಂದ ಕೊಯ್ಯುವುದಕ್ಕೆ ಕುಂಬಳ, ಸೋರೆ, ಸೌತೆ, ಸೀಳುವುದಕ್ಕೆ ನೀರೂ ಕೆಸರೂ ತುಂಬಿದ ತೊಗಲಚೀಲ, ಕೆರೆಯುವುದಕ್ಕೆ ಕೂದಲುಳ್ಳ ಚರ್ಮ, ಸಿರೆ ಚುಚ್ಚುವುದಕ್ಕೆ ತಾವರೆಯ ದಂಟು, ಹೊಲಿಗೆಗೆ ಬಟ್ಟೆ, ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ.

ಗುರು ಎಂಥ ಮಾತಿನಿಂದ ತಿದ್ದಬೇಕೆಂಬುದು ಅಲ್ಲಿಲ್ಲ. ಬೇಕಾಗಿಯೂ ಇರಲಿಲ್ಲವೇನೋ! ಅಲಗು ಆಳಕ್ಕಿಳಿದರೆ ಸೋರೆಕಾಯಿಯೇ ಒಡನೆ ಹೇಳುತ್ತದೆ. ಗುರು ಬೆರಳಿಟ್ಟು ತೋರಿದರೆ ಸಾಕು. ನರಳುವ ರೋಗಿ ಎದುರಿಗಿಲ್ಲ, ಶಿಷ್ಯನಿಗೆ ನಾಲ್ವರ ಮುಂದೆ ಮುಖಭಂಗವೂ ಇಲ್ಲ. ನಮ್ಮ ಕಾಲೇಜುಗಳಲ್ಲಾದರೋ, ಉತ್ತರಪತ್ರಿಕೆಯ ಕೆಂಪು ಗೆರೆ ಹುಡುಗನ ಕಣ್ಣಿಗೆ ಬೀಳುವುದು, ಬಿದ್ದರೆ, ಅವನು ಬರೆದದ್ದನ್ನೆಲ್ಲ ಮರೆತ ಮೇಲೆ.